ಆರು ಸೆಕೆಂಡು ಕಮ್ಮಿ

ಅಕ್ಟೋಬರ್ 1, 2025, ಬುಧವಾರ, ಬೆಂಗಳೂರು

ಆಯುಧಪೂಜೆ. ಬೆಳಗ್ಗೆ ಹತ್ತು ಗಂಟೆಗೆಲ್ಲ ನಮ್ಮ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ತೊಳೆದ ಸ್ಕೂಟರು, ಬೈಕುಗಳೆಲ್ಲ ಹಾರ ಹಾಕಿಸಿಕೊಂಡು ಮದುಮಕ್ಕಳ ಹಾಗೆ ಫುಟ್‌ಪಾತಿನ ಮೇಲೆ ಸಾಲಾಗಿ ನಿಂತಿವೆ. ಮೂಲೆಯ ಗ್ಯಾರೇಜಿನವರು ಒಡೆದ ಬೂದುಗುಂಬಳ ಕುಂಕುಮ ಸಮೇತ ರಸ್ತೆ ಮಧ್ಯೆ ಹರಡಿ ಬಿದ್ದಿತ್ತು. ಅದರ ಮೇಲೆ ಚಕ್ರಗಳು ಹತ್ತಿ ಇಳಿದು ಮಧ್ಯಾಹ್ನದ ಹೊತ್ತಿಗೆ ತಿರುಳೆಲ್ಲ ಲೋಳೆ. ಹೂವು ತರಲು ಹೊರಟವಳು ಕಾಂಪೌಂಡ್ ಗೋಡೆ ಹಿಡಿದುಕೊಂಡು ಹೋಗಿ, ಗೋಡೆ ಹಿಡಿದುಕೊಂಡೇ ವಾಪಸು ಬಂದೆ.

ಪೇಪರಿನಲ್ಲಿ ನೋಡಿದರೆ ಇವತ್ತೇ ಅಂತರರಾಷ್ಟ್ರೀಯ ಹಿರಿಯ ನಾಗರಿಕರ ದಿನ. ಯಂತ್ರಕ್ಕೆ ಪೂಜೆ, ಮುದುಕರಿಗೆ ಶುಭಾಶಯ. ಫುಟ್‌ಪಾತ್ ಯಾರ ಪಾಲಿಗೆ ಬಂತು ಅನ್ನೋದನ್ನು ಬೇರೆ ಬರೆಯಬೇಕಾಗಿಲ್ಲ.

ಅಣ್ಣನ ಮೊಮ್ಮಗಳು ನಗರ ಯೋಜನೆ ಓದುತ್ತಿದ್ದಾಳೆ. ಹಬ್ಬದೂಟಕ್ಕೆ ಬಂದವಳು ಒಂದು ಕಂತೆ ಕಾಗದ ಕೈಗಿಟ್ಟಳು. ‘ಅಜ್ಜಿ, ದಿನಾ ಓಡಾಡೋ ದಾರಿ ಹೇಗಿದೆ ಅಂತ ಬರೆದಿಡಿ, ನನಗೆ ಬೇಕು’ ಅಂದಳು. ಕಂತೆಯ ಮೇಲಿದ್ದದ್ದು ವಿಶ್ವ ಆರೋಗ್ಯ ಸಂಸ್ಥೆ 2007ರ ಇದೇ ತಾರೀಖು ಹೊರತಂದ ಕೈಪಿಡಿ, ವಯಸ್ಸಾದವರಿಗೆ ಒಗ್ಗುವ ನಗರ ಹೇಗಿರಬೇಕು ಅಂತ. 33 ನಗರಗಳಲ್ಲಿ ವಯಸ್ಸಾದವರನ್ನು ಕೂರಿಸಿಕೊಂಡು ಕೇಳಿ ಬರೆದದ್ದು. ನಮ್ಮ ದೇಶದಿಂದ ದೆಹಲಿ, ಉದಯಪುರ ಎರಡು. ಊರು ಬೇರೆ, ಭಾಷೆ ಬೇರೆ, ಕೇಳಿದ್ದು ಮಾತ್ರ ಹೆಚ್ಚುಕಡಿಮೆ ಒಂದೇ: ಕೂರಲು ಜಾಗ, ಶೌಚಾಲಯ, ಸಮನಾದ ಕಾಲುದಾರಿ, ರಸ್ತೆ ದಾಟಲು ಸಾಕಷ್ಟು ಹೊತ್ತು. ಫ್ಲೈಓವರ್ ಬೇಕು ಅಂದವರು ನನ್ನ ಕಣ್ಣಿಗೆ ಬೀಳಲಿಲ್ಲ.

ಅಕ್ಟೋಬರ್ 4, ಶನಿವಾರ

ಏ.ಜಿ. ಆಫೀಸಿನಲ್ಲಿ ಸರ್ವೀಸೆಲ್ಲ ಬೇರೆಯವರ ಲೆಕ್ಕ ತಾಳೆ ನೋಡಿಕೊಂಡೇ ಕಳೆದವಳು ನಾನು. ಕಂತೆಯಲ್ಲಿ ಅಂಕಿ ಸಿಕ್ಕಿದರೆ ಸುಮ್ಮನಿರುವುದುಂಟೇ.

ದಾಟುವ ಸಿಗ್ನಲ್ಲಿಗೆ ಹೊತ್ತು ಗೊತ್ತುಮಾಡುವಾಗ ಸಾಮಾನ್ಯವಾಗಿ ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ ಅಂತ ಹಿಡಿಯುತ್ತಾರೆ. ಇಂಗ್ಲೆಂಡಿನಲ್ಲಿ 65 ದಾಟಿದವರ ನಡಿಗೆ ಅಳೆದ ಅಧ್ಯಯನವೊಂದು 2012ರಲ್ಲಿ ಬಂತು. ಗಂಡಸರ ಸರಾಸರಿ 0.9 ಮೀಟರ್, ಹೆಂಗಸರದು 0.8. ಅದೂ ಮನೆಯೊಳಗೆ, ಸಮನೆಲದ ಮೇಲೆ.

ನಾಲ್ಕು ಲೇನಿನ ರಸ್ತೆ ಅಂದರೆ 14 ಮೀಟರ್. ಸೆಕೆಂಡಿಗೆ 1.2 ಮೀಟರ್‌ನಂತೆ ಹನ್ನೆರಡು ಸೆಕೆಂಡಿನೊಳಗೆ ಆ ದಡ. 0.8ರಂತೆ ಹದಿನೇಳೂವರೆ. ಸುಮಾರು ಆರು ಸೆಕೆಂಡು ಕಮ್ಮಿ ಬೀಳುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದ ಕಾರು ಆ ಆರು ಸೆಕೆಂಡಿನಲ್ಲಿ ಸುಮಾರು 67 ಮೀಟರ್ ಬಂದಿರುತ್ತದೆ.

ಈ ಲೆಕ್ಕದಲ್ಲಿ ಸೇರದ ಬಾಬ್ತುಗಳೂ ಇವೆ. ಹಸಿರು ಬಿದ್ದ ಕೂಡಲೇ ನಮ್ಮ ಕಾಲು ಹೊರಡುವುದಿಲ್ಲ. ಬಲಕ್ಕೊಮ್ಮೆ ನೋಡಬೇಕು, ಕತ್ತು ತಿರುಗುವುದಿಲ್ಲವಾದ್ದರಿಂದ ಮೈಯನ್ನೇ ತಿರುಗಿಸಬೇಕು. ಫುಟ್‌ಪಾತಿನ ಅಂಚಿನಿಂದ ಇಳಿಯಬೇಕು. ಇವತ್ತು ನಾನು ಇಳಿದು ಎರಡು ಹೆಜ್ಜೆ ಇಡುವಷ್ಟರಲ್ಲಿ, ಫ್ರೀ ಲೆಫ್ಟ್ ಅಂತ ಆಟೋ ಒಂದು ನನ್ನ ಸೆರಗು ಸವರಿಕೊಂಡು ಹೋಯಿತು. ‘ಬೇಗ ಬೇಗ ಹೋಗಮ್ಮ’ ಅಂದ ಹಿಂದಿದ್ದ ಬೈಕಿನವನು. ಮೊಮ್ಮಗನ ವಯಸ್ಸು. ಬೈಯಬೇಕು ಅನ್ನಿಸಲಿಲ್ಲ. ಬೇಗ ಹೋಗು ಅಂತ ಸಿಗ್ನಲ್ಲೂ ಹೇಳುತ್ತಿತ್ತು.

ಅಕ್ಟೋಬರ್ 9, ಗುರುವಾರ

ಕೃಷ್ಣರಾವ್ ಪಾರ್ಕಿನ ನಮ್ಮ ಗುಂಪಿನಿಂದ ಇನ್ನೊಬ್ಬಾಕೆ ಕಳಚಿಕೊಂಡರು. ಮನೆ ದೊಡ್ಡ ರಸ್ತೆಯ ಆಚೆಗೆ. ಮೊದಲು ಸಂಜೆ ಬರುವುದು ಬಿಟ್ಟರು, ಕತ್ತಲಲ್ಲಿ ಸರಿಯಾಗಿ ಕಾಣಲ್ಲ ಅಂತ. ಆಮೇಲೆ ಮಳೆ ಬಂದ ಮಾರನೆಯ ದಿನ ಬರುವುದು ನಿಂತಿತು. ಈಗ ಪೂರ್ತಿ ಇಲ್ಲ. ಫೋನು ಮಾಡಿದರೆ, ‘ಮಂಡಿ ಕಣೇ, ಆಗಲ್ಲ’ ಅಂದರು. ಮಂಡಿ ನೋವು ನನಗೂ ಇದೆ, ಪಾರ್ಕಿನಲ್ಲಿ ಸುತ್ತು ಹಾಕುವ ಅರ್ಧ ಜನಕ್ಕೂ ಇದೆ. ಆಕೆ ಮನೆಯೊಳಗೆ ದಿನವಿಡೀ ನಿಂತೇ ಕೆಲಸ ಮಾಡುತ್ತಾರೆ. ರಸ್ತೆ ಸರಿಯಿಲ್ಲ ಅನ್ನಲು ಸಂಕೋಚಪಟ್ಟು ನಾವೆಲ್ಲ ಕಾಲು ಸರಿಯಿಲ್ಲ ಅನ್ನುತ್ತೇವೆ.

ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ನಡೆದುಹೋಗುತ್ತಿದ್ದವರು. ಆ ಪಟ್ಟಿಯಲ್ಲಿ ನನ್ನ ಗೆಳತಿ ಎಂದೂ ಸೇರುವುದಿಲ್ಲ, ಹೊರಗೆ ಬಂದರೆ ತಾನೆ. ಅಪಘಾತ ಕಡಿಮೆಯಾದ ರಸ್ತೆಗೆ ಬೆನ್ನು ತಟ್ಟುವ ಮೊದಲು, ಅಲ್ಲಿ ಮೊದಲು ಓಡಾಡುತ್ತಿದ್ದ ಮುದುಕರು ಈಗ ಎಲ್ಲಿ ಅಂತ ಆಡಿಟ್ ಪ್ಯಾರಾ ಒಂದನ್ನು ಎತ್ತಬೇಕು. ನಾನು ಸರ್ವೀಸಿನಲ್ಲಿದ್ದಿದ್ದರೆ ಎತ್ತುತ್ತಿದ್ದೆ.

ಅಕ್ಟೋಬರ್ 13, ಸೋಮವಾರ

ಅಣ್ಣನ ಮೊಮ್ಮಗಳ ಜತೆ ಗಾಂಧಿಬಜಾರಿಗೆ ಹೋಗಿದ್ದೆ. ನಗರ ಭೂಸಾರಿಗೆ ನಿರ್ದೇಶನಾಲಯದವರು ಬೀದಿಯನ್ನು ಅಗೆದು ಕಲ್ಲು ಹಾಸಿ ಕಾಲುದಾರಿ ಅಗಲ ಮಾಡಿದಾಗ ಎಷ್ಟು ಗಲಾಟೆಯಾಯಿತು! ಪಾರ್ಕಿಂಗ್ ಹೋಯಿತು ಅಂತ ಅಂಗಡಿಯವರು, ಮರಗಳ ಬೇರಿಗೆ ಪೆಟ್ಟಾಯಿತು ಅಂತ ಮರದ ಕಡೆಯವರು, ನಾವೆಲ್ಲಿ ಕೂರಬೇಕು ಅಂತ ಹೂವಿನವರು. ಎಲ್ಲರ ಮಾತಲ್ಲೂ ಹುರುಳಿತ್ತು. ನನ್ನ ಮಂಡಿಯನ್ನು ಕೇಳಿದರೆ ಅಗಲ ಮಾಡಿದ್ದು ಒಳ್ಳೆಯದೇ ಆಯಿತು ಅನ್ನುತ್ತದೆ. ಕಾಯಿ, ವೀಳ್ಯದೆಲೆ ತುಂಬಿದ ಚೀಲ ಹಿಡಿದು ಹತ್ತು ಕಡೆ ಹತ್ತಿಳಿಯದೆ ನೇರ ನಡೆಯಬಹುದು. ವಿದ್ಯಾರ್ಥಿ ಭವನದ ಮುಂದೆ ದೋಸೆಗೆ ಹೆಸರು ಬರೆಸಿ ಕಾಯುವ ಭಾನುವಾರದ ಗುಂಪನ್ನು ಮಾತ್ರ ಯಾವ ಫುಟ್‌ಪಾತೂ ತಡೆದುಕೊಳ್ಳದು.

ಅಲ್ಲಿಂದ ಅಡ್ಡರಸ್ತೆಗೆ ತಿರುಗಿದ್ದೇ ತಡ, ಹಳೇ ಕಥೆ. ಮನೆಮನೆಗೂ ಕಾರು ಹತ್ತಿಸಲು ಇಳಿಜಾರು ಮಾಡಿಕೊಂಡಿದ್ದಾರೆ, ಹಾಗಾಗಿ ಫುಟ್‌ಪಾತು ಗೇಟಿಗೊಂದು ಸಲ ವಾಲುತ್ತದೆ. ಚರಂಡಿ ಮೇಲಿನ ಚಪ್ಪಡಿ ಕಾಲಿಟ್ಟರೆ ಅಲುಗುತ್ತದೆ. ಟ್ರಾನ್ಸ್‌ಫಾರ್ಮರ್ ಕಟ್ಟೆ, ಕೇಬಲ್ ಡಬ್ಬಿ. ಹುಡುಗಿ ಚೀಲದಿಂದ ಟೇಪು ತೆಗೆದು ಒಂದು ಕಡೆ ಅಂಚಿನ ಎತ್ತರ ಅಳೆದಳು, ಒಂಬತ್ತು ಇಂಚು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಪ್ರಕಾರ 150 ಮಿಲಿಮೀಟರ್ ಮೀರಬಾರದು, ಅಂದರೆ ಆರು ಇಂಚು. ನಡೆಯುವ ಜಾಗ 1.8 ಮೀಟರಾದರೂ ಅಡೆತಡೆಯಿಲ್ಲದೆ ಸಿಗಬೇಕು ಅಂತಲೂ ಅದರಲ್ಲೇ ಇದೆ. ಬರೆದಿಲ್ಲ ಅನ್ನುವಂತಿಲ್ಲ, ಎಲ್ಲ ಬರೆದಿದೆ. ಕಳೆದ ಮೇನಲ್ಲಿ ಸುಪ್ರೀಂ ಕೋರ್ಟು ಫುಟ್‌ಪಾತ್ ಬಳಸುವುದು 21ನೇ ವಿಧಿಯ ಬದುಕುವ ಹಕ್ಕಿಗೆ ಸೇರಿದ್ದು ಅಂತಲೂ ಹೇಳಿಯಾಗಿದೆ.

ಹಳದಿ ಉಬ್ಬು ಟೈಲ್ಸ್ ಒಂದು ಕಡೆ ಸೀದಾ ಹೋಗಿ ಕಂಬಕ್ಕೆ ಮುಟ್ಟಿ ನಿಂತಿತ್ತು. ಕಣ್ಣು ಕಾಣದವರಿಗಾಗಿ ಜಪಾನಿನ ಸೇಯಿಚಿ ಮಿಯಾಕೆ ಎಂಬಾತ ಕಂಡುಹಿಡಿದು, 1967ರಲ್ಲಿ ಒಕಾಯಾಮಾ ಊರಿನಲ್ಲಿ ಮೊದಲ ಬಾರಿಗೆ ಹಾಸಿದ್ದಂತೆ. ಅದನ್ನು ನಂಬಿ ನಡೆದವರ ಹಣೆ ಇಲ್ಲಿ ಕಂಬಕ್ಕೆ.

ನನ್ನ ಕಷ್ಟ ಇನ್ನೊಂದು. ಬೈಫೋಕಲ್ ಕನ್ನಡಕದ ಕೆಳಗಿನ ಅರ್ಧ ಓದಲಿಕ್ಕೆ ಇರುವುದು. ಕಾಲಬುಡ ನೋಡಿದರೆ ಆ ಗಾಜಿನಲ್ಲಿ ನೆಲ ಮಸುಕು, ಅಂಚು ಎಲ್ಲಿ ಮುಗಿಯಿತು ತಿಳಿಯುವುದಿಲ್ಲ. ಬೂದು ಕಲ್ಲಿನ ಪಕ್ಕ ಬೂದು ಅಂಚು, ಅದರಾಚೆ ಬೂದು ಡಾಂಬರು. ಅರವತ್ತರ ಕಣ್ಣಿನೊಳಗೆ ತಲುಪುವ ಬೆಳಕೇ ಇಪ್ಪತ್ತರ ಕಣ್ಣಿನ ಮೂರನೇ ಒಂದು ಭಾಗದಷ್ಟು. ಮೆಟ್ಟಿಲಿನ ಅಂಚಿಗೆ ಬಿಳಿ ಬಣ್ಣದ ಪಟ್ಟಿ ಎಳೆಯಲು ಎಷ್ಟು ಖರ್ಚಾಗುತ್ತದೆ? ಇನ್ನೊಂದು ಪೇಚು: ನೆಲ ಕೆಟ್ಟಿದ್ದರೆ ಕಣ್ಣು ನೆಲದಲ್ಲೇ ಇರುತ್ತದೆ, ಎದುರು ಬರುವ ಬಸ್ಸನ್ನು ಯಾರು ನೋಡಬೇಕು? ‘ಮುದುಕರು ನೋಡದೆ ನುಗ್ಗುತ್ತಾರೆ’ ಎಂಬ ದೂರಿನ ಮೂಲ ಇಲ್ಲಿದೆ.

ಅಕ್ಟೋಬರ್ 24, ಶುಕ್ರವಾರ, ಸಿಂಗಪುರ

ದೀಪಾವಳಿಗೆ ಮಗಳ ಮನೆಗೆ ಬಂದದ್ದು. ಇವತ್ತು ಹಟ ಮಾಡಿ ಬುಕಿತ್ ಮೇರಾ ವ್ಯೂಗೆ ಕರೆಸಿಕೊಂಡು ಹೋದೆ. ‘ಯಾರಾದರೂ ಇದನ್ನು ನೋಡೋಕೆ ಬರ್ತಾರಾ ಅಮ್ಮ’ ಅಂತ ಅವಳಿಗೆ ನಗು. ಮಾರುಕಟ್ಟೆ, ಊಟದ ಅಂಗಡಿಗಳು, ಹಳೆಯ ಸರ್ಕಾರಿ ವಸತಿ ಬ್ಲಾಕುಗಳು, ವಯಸ್ಸಾದವರೇ ಹೆಚ್ಚು. ಇಲ್ಲಿನವರು ‘ಸಿಲ್ವರ್ ಝೋನ್’ ಅನ್ನುವ ಬೀದಿಗಳಲ್ಲಿ ಮೊದಲನೆಯದನ್ನು 2014ರಲ್ಲಿ ಮಾಡಿದ್ದು ಇಲ್ಲಿಯೇ.

ನೋಡಲು ಏನೂ ಇಲ್ಲ, ಅದೇ ಅದರ ಸೊಗಸು. ನೇರ ರಸ್ತೆಯನ್ನು ಬೇಕೆಂದೇ ಸ್ವಲ್ಪ ಸೊಟ್ಟ ಮಾಡಿದ್ದಾರೆ. ತಿರುವು ಬಂದರೆ ಡ್ರೈವರಿನ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ, ಬೋರ್ಡು ಓದಬೇಕಾಗಿಲ್ಲ. ಲೇನು ಕಿರಿದು. ರಸ್ತೆ ಮಧ್ಯೆ ನಿಲ್ಲಲು ಒಂದು ದಿಬ್ಬ ಬಿಟ್ಟಿದ್ದಾರೆ. ಈ ಕಡೆಯ ವಾಹನ ನೋಡಿ ಅರ್ಧ ದಾಟು, ನಿಲ್ಲು, ಉಸಿರು ಬಿಡು, ಆ ಕಡೆಯದನ್ನು ನೋಡಿ ಉಳಿದರ್ಧ ದಾಟು. ಒಂದೇ ಸಲಕ್ಕೆ ಎರಡು ಕಡೆ ಲೆಕ್ಕ ಹಾಕುವ ತಲೆನೋವು ತಪ್ಪಿತು. ಇಂಥ ಬೀದಿಗಳಲ್ಲಿ ವಯಸ್ಸಾದವರ ಅಪಘಾತ ಬಹಳ ಇಳಿದಿದೆ ಎಂದು ಇಲ್ಲಿನ ಸಾರಿಗೆ ಪ್ರಾಧಿಕಾರ ಹೇಳುತ್ತದೆ.

ಆಮೇಲೆ ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ನಾನು ಕಾದು ನೋಡಬೇಕೆಂದಿದ್ದದ್ದು ಸಿಕ್ಕಿತು. ಎರಡು ಚಕ್ರದ ತರಕಾರಿ ಗಾಡಿ ಎಳೆದುಕೊಂಡು ಬಂದ ಚೀನೀ ಅಜ್ಜಿಯೊಬ್ಬಳು ಬ್ಲೌಸಿನ ಜೇಬಿನಿಂದ ಕಾರ್ಡು ತೆಗೆದು ಕಂಬದ ಪೆಟ್ಟಿಗೆಗೆ ಮುಟ್ಟಿಸಿದಳು. ಹಿರಿಯ ನಾಗರಿಕರ ರಿಯಾಯಿತಿ ಕಾರ್ಡು, ಬಸ್ಸಿಗೆ ಬಳಸುವುದೇ. ಅದನ್ನು ಮುಟ್ಟಿಸಿದರೆ ಹಸಿರು ದೀಪ ರಸ್ತೆಯ ಅಗಲಕ್ಕೆ ತಕ್ಕಂತೆ 3ರಿಂದ 13 ಸೆಕೆಂಡು ಹೆಚ್ಚು ಉರಿಯುತ್ತದೆ. 2009ರಿಂದ ಇದೆ, ‘ಗ್ರೀನ್ ಮ್ಯಾನ್ ಪ್ಲಸ್’ ಅಂತ ಹೆಸರು. ಅಜ್ಜಿ ಹಿಂದೆ ಮುಂದೆ ನೋಡದೆ, ಓಡದೆ, ತನ್ನ ಮನೆ ಹಜಾರ ದಾಟುವವಳಂತೆ ನಡೆದು ಹೋದಳು. ಕಾರುಗಳು ನಿಂತೇ ಇದ್ದವು. ನನ್ನ ಹತ್ತಿರ ಕಾರ್ಡಿಲ್ಲ. ಅವಳ ಬೆನ್ನಿಗೇ ನಾನೂ ನಡೆದುಬಿಟ್ಟೆ.

ಹೊಗಳಿ ಹೊಗಳಿ ಬರೆಯಬಾರದು. ಇಲ್ಲಿಯೂ ರಸ್ತೆಗೆ ಅಡ್ಡಲಾಗಿ ಮೆಟ್ಟಿಲು ಹತ್ತಿಸುವ ಸೇತುವೆಗಳು ಬೇಕಾದಷ್ಟಿವೆ, ಈಗ ಕೆಲವಕ್ಕೆ ಲಿಫ್ಟ್ ಕೂರಿಸುತ್ತಿದ್ದಾರೆ. ಕಾರಿಗೆ ಮೊದಲು ದಾರಿ ಬಿಟ್ಟು ಮನುಷ್ಯನನ್ನು ಮೇಲೆ ಹತ್ತಿಸುವ ಬುದ್ಧಿ ಎಲ್ಲ ಊರಿಗೂ ಒಮ್ಮೆ ಬರುತ್ತದೆ ಅಂತ ಕಾಣುತ್ತದೆ. ಆ ಬುದ್ಧಿಯನ್ನು ಬಿಟ್ಟವರು ಬೇಗ ಬಿಟ್ಟರು, ಅಷ್ಟೇ.

ನವೆಂಬರ್ 6, ಗುರುವಾರ

ವಾಪಸು ಬಂದು ಬ್ಯಾಂಕಿನ ಕೆಲಸಕ್ಕೆ ಹೊರಗೆ ಹೋಗಿದ್ದೆ. ಬೆಳಗ್ಗೆ ಬಿಪಿ ಮಾತ್ರೆ ನುಂಗಲಿಲ್ಲ. ನುಂಗಿದರೆ ಮೂತ್ರಕ್ಕೆ ಅವಸರ, ದಾರಿಯಲ್ಲಿ ಹೋಗಲು ಜಾಗವಿಲ್ಲ. ನೀರೂ ಕುಡಿಯಲಿಲ್ಲ. ನನ್ನ ಓರಗೆಯ ಹೆಂಗಸರೆಲ್ಲ ಹೀಗೇ ಮಾಡುತ್ತಾರೆ, ಡಾಕ್ಟರಿಗೆ ಹೇಳುವುದಿಲ್ಲ. ರಸ್ತೆಯ ನಕ್ಷೆ ಬರೆಯುವ ಮಹಾಶಯರು ಶೌಚಾಲಯ ಬೇರೆ ಇಲಾಖೆಗೆ ಸೇರಿದ್ದು ಅಂದುಕೊಂಡಿದ್ದಾರೆ.

ಬಸ್ಸು ಹತ್ತಲು ಒಬ್ಬ ಹುಡುಗ ಕೈ ಕೊಟ್ಟ. ಶಕ್ತಿ ಯೋಜನೆ ಬಂದ 2023ರ ಜೂನ್ 11ರಿಂದ ನನಗೆ ಟಿಕೆಟ್ ದುಡ್ಡಿಲ್ಲ. ಮೆಟ್ಟಿಲಿನ ಎತ್ತರ ಮಾತ್ರ ಯಾರಿಗೂ ರಿಯಾಯಿತಿ ಕೊಟ್ಟಿಲ್ಲ. ನಮ್ಮ ನಗರದ ಬಸ್ಸುಗಳ ನೆಲ 400, 650, 900 ಮಿಲಿಮೀಟರ್ ಎತ್ತರಗಳಲ್ಲಿ ಬರುತ್ತದೆ. ತಗ್ಗಿನ ಬಸ್ಸು ಬಂದರೂ ಅದು ಅಂಚಿಗೆ ತಾಗಿ ನಿಲ್ಲದೆ ಎರಡು ಮಾರು ದೂರ ನಿಂತರೆ, ನಾವು ರಸ್ತೆಗಿಳಿದು ಮತ್ತೆ ಹತ್ತಬೇಕು. ಅದು ನಿಲ್ಲುವ ಜಾಗದಲ್ಲಿ ಆಟೋ ನಿಂತಿರುತ್ತದೆ. ಡ್ರೈವರನ್ನು ಬೈದು ಪ್ರಯೋಜನವಿಲ್ಲ.

ನವೆಂಬರ್ 11, ಮಂಗಳವಾರ

ಪಕ್ಕದ ರಸ್ತೆಯ ಮೇಷ್ಟ್ರು ಮತ್ತೆ ದಾರಿ ತಪ್ಪಿದ್ದರು. ಮರೆವಿನ ಕಾಯಿಲೆ ಶುರುವಾಗಿ ಬಹಳ ದಿನವಾಯಿತು, ಆದರೂ ಹಾಲು ತರಲು ತಾವೇ ಹೋಗಿ ಬರುತ್ತಿದ್ದರು. ಅವರ ತಿರುವಿನಲ್ಲಿ ಹಳೇ ಹೆಂಚಿನ ಮನೆಯೊಂದಿತ್ತು, ಕಾಂಪೌಂಡಿನಾಚೆ ಬಾಗಿದ ಹೊಂಗೆ ಮರ. ಆ ಮನೆ ಬೀಳಿಸಿ ಈಗ ನೀಲಿ ತಗಡು ಹೊಡೆದಿದ್ದಾರೆ. ಮೇಷ್ಟ್ರು ಅದನ್ನು ದಾಟಿ ಮುಂದೆ ಮುಂದೆ ಹೋಗಿ, ಡಿ.ವಿ.ಜಿ. ರಸ್ತೆಯಲ್ಲಿ ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ಹಾಲಿನ ಪ್ಯಾಕೆಟ್ಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರಂತೆ. ಅಂಗಡಿ ಹುಡುಗ ಕಿಸೆಯ ಚೀಟಿ ನೋಡಿ ಮನೆಗೆ ಫೋನು ಮಾಡಿದ.

ಹುಡುಗಿ ಕೊಟ್ಟ ಕಂತೆಯಲ್ಲಿ ಇಂಗ್ಲೆಂಡಿನ ಎಲಿಜಬೆತ್ ಬರ್ಟನ್ ಮತ್ತು ಲಿನ್ ಮಿಚೆಲ್ ಅವರ 2006ರ ಪುಸ್ತಕದ ಟಿಪ್ಪಣಿ ಇದೆ. ಅವರು ಮರೆವಿನ ಕಾಯಿಲೆಯವರ ಜತೆಯಲ್ಲೇ ಬೀದಿ ನಡೆದು ನೋಡಿದವರು. ಅಂಥವರು ನಕ್ಷೆ, ಬಾಣದ ಗುರುತು ನೋಡಿ ದಾರಿ ಹಿಡಿಯುವುದಿಲ್ಲ, ಅಂಚೆ ಡಬ್ಬಿ, ಗಡಿಯಾರ ಗೋಪುರ, ಒಂದು ಮರ, ಬಣ್ಣದ ಬಾಗಿಲು ಇಂಥವು ನೋಡಿ ಹೋಗುತ್ತಾರೆ ಎನ್ನುತ್ತಾರೆ. ಊರೆಲ್ಲ ಒಂದೇ ಗಾಜಿನ ಮುಖವಾದರೆ ಅವರು ಎಲ್ಲಿಗೆಂದು ತಿರುಗುವುದು? ಬೆಂಚುಗಳು 100ರಿಂದ 125 ಮೀಟರಿಗೊಂದು ಇರಬೇಕು ಅಂತಲೂ ಅವರದೇ ಸಲಹೆ. ಬೆನ್ನಿಗೆ ಒರಗು, ಏಳುವಾಗ ಊರಲು ಕೈ.

ಇದನ್ನು ಇಂಗ್ಲೆಂಡಿನವರು ಹೇಳಬೇಕಾಗಿ ಬಂತಲ್ಲ ಅಂತ ನನಗೆ ಸಂಕಟ. ದಾರಿಹೋಕ ತಲೆಹೊರೆ ಇಳಿಸಿ ಸುಧಾರಿಸಿಕೊಳ್ಳಲೆಂದು ನಮ್ಮವರು ಹಾದಿಬದಿಯಲ್ಲಿ ಹೊರೆಗಲ್ಲು ನಿಲ್ಲಿಸುತ್ತಿದ್ದರು, ಇನ್ನೊಬ್ಬರ ಸಹಾಯವಿಲ್ಲದೆ ಹೊರೆ ಇಳಿಸಿ ಎತ್ತುವಷ್ಟು ಎತ್ತರಕ್ಕೆ ಸರಿಯಾಗಿ. ಅಶ್ವತ್ಥಕಟ್ಟೆಯಿತ್ತು. ಬೀದಿಗೆ ಜಗಲಿಯಿದ್ದ ಮನೆಗಳಿದ್ದವು, ಗುರುತಿಲ್ಲದವರು ಕೂತರೂ ಏಳು ಅನ್ನುತ್ತಿರಲಿಲ್ಲ. ಈಗ ಅಂಗಡಿಯ ಮೆಟ್ಟಿಲ ಮೇಲೆ ಯಾರೂ ಕೂರಬಾರದು ಅಂತ ಕಬ್ಬಿಣದ ಮುಳ್ಳು ಬೆಸೆದಿರುತ್ತಾರೆ. ಮೇಷ್ಟ್ರ ಅದೃಷ್ಟಕ್ಕೆ ಬಟ್ಟೆ ಅಂಗಡಿಯವರು ಬೆಸೆದಿರಲಿಲ್ಲ.

ನವೆಂಬರ್ 17, ಸೋಮವಾರ

ಕಡೇ ಕಾರ್ತಿಕ ಸೋಮವಾರ, ಕಡಲೆಕಾಯಿ ಪರಿಷೆ. ಮಧ್ಯಾಹ್ನವೇ ಹೋಗಿ ಬಂದೆ, ಸಂಜೆಯ ಜನಜಂಗುಳಿ ನನ್ನಿಂದಾಗದು. ಬುಲ್ ಟೆಂಪಲ್ ರಸ್ತೆಗೆ ವಾಹನವಿಲ್ಲ. ವರ್ಷವೆಲ್ಲ ಬಾರದ ಮುಖಗಳು ಕಂಡವು. ವಾಕರ್ ಹಿಡಿದವರು ಇಬ್ಬರು, ಗಾಲಿಕುರ್ಚಿಯಲ್ಲಿ ಕೂತು ಸೇರು ಕಾಯಿಗೆ ಚೌಕಾಸಿ ಮಾಡುತ್ತಿದ್ದ ತಾತ ಒಬ್ಬರು. ನೆಲ ಅದೇ ಕೆಟ್ಟ ನೆಲ, ಮೇಲೆ ಸಿಪ್ಪೆ ಬೇರೆ. ಆದರೂ ಬಂದಿದ್ದಾರೆ, ರಸ್ತೆಯ ನಟ್ಟನಡುವೆ ನಡೆಯುತ್ತಿದ್ದಾರೆ. ಹಿಂದಿನಿಂದ ಹಾರನ್ ಹೊಡೆಯುವವರಿಲ್ಲ ಅಂದರೆ ಇಷ್ಟು ಜನ ಹೊರಗೆ ಬರುತ್ತಾರೆ. ಕಾಯಿ ಈ ಸಲ ಸಣ್ಣದು, ಆದರೆ ಸಿಹಿ.

ನವೆಂಬರ್ 23, ಭಾನುವಾರ

ಸೆಪ್ಟೆಂಬರಿನಲ್ಲಿ ಬೆಂಗಳೂರು ಐದು ಪಾಲಿಕೆಯಾಯಿತಲ್ಲ, ಹೊಸ ಕಚೇರಿಗೆ ಹಳೇ ಅರ್ಜಿ ಕೊಡೋಣ ಅಂತ ಪಾರ್ಕಿನ ಗುಂಪಿನವರು ತೀರ್ಮಾನಿಸಿದ್ದಾರೆ. ಬರೆಯುವ ಕೆಲಸ ನನ್ನ ತಲೆಗೆ ಬಂತು. ಹುಡುಗಿ ಉದ್ದ ಪಟ್ಟಿ ಕಳಿಸಿದ್ದಳು, ಸ್ಮಾರ್ಟ್ ಕಂಬದವರೆಗೆ. ನಾನು ಹೊಡೆದು ಹೊಡೆದು ಚಿಕ್ಕದು ಮಾಡಿದೆ. ಉದ್ದ ಅರ್ಜಿ ಏನಾಗುತ್ತದೆ ಅಂತ ಗೊತ್ತಿರುವವಳು ನಾನು. ‘ಪರಿಶೀಲನೆಯಲ್ಲಿದೆ’ ಆಗುತ್ತದೆ.

ದೊಡ್ಡ ಸಿಗ್ನಲ್ಲಿನಲ್ಲಿ ದಾಟುವ ದೀಪ ಆರು ಸೆಕೆಂಡು ಹೆಚ್ಚು ಉರಿಯಲಿ, ಇದಕ್ಕೆ ಟೆಂಡರ್ ಕರೆಯಬೇಕಾಗಿಲ್ಲ. ಆ ಹೊತ್ತಿನಲ್ಲಿ ಫ್ರೀ ಲೆಫ್ಟ್ ನಿಲ್ಲಲಿ. ಪಾರ್ಕಿನಿಂದ ಗಾಂಧಿಬಜಾರಿನ ತನಕ ನೂರು ಮೀಟರಿಗೊಂದು ಬೆಂಚು, ಮರದ ನೆರಳಿನಲ್ಲಿ, ಒರಗು ಮತ್ತು ಕೈ ಇರುವಂಥದ್ದು, ದಾನಿಗಳ ಹೆಸರು ಕೆತ್ತಿಸಿಕೊಂಡರೂ ನಮ್ಮ ಅಭ್ಯಂತರವಿಲ್ಲ. ದಾಟುವ ಜಾಗದಲ್ಲಿ ಅಂಚು ತಗ್ಗಿಸಿ ಬಣ್ಣ ಬಳಿಯಿರಿ. ಮಾರುಕಟ್ಟೆಯ ಶೌಚಾಲಯಕ್ಕೆ ಬೆಳಗಿನಿಂದ ರಾತ್ರಿಯ ತನಕ ಬೀಗ ಬೀಳದಿರಲಿ. ಇಷ್ಟೇ.

ಎಲ್ಲರ ಸಹಿಯಾಯಿತು. ಬರುವುದು ಬಿಟ್ಟ ಗೆಳತಿಯ ಮನೆಗೂ ನಾನೇ ಹೋಗಿ ಹಾಕಿಸಿಕೊಂಡು ಬಂದೆ, ಅರ್ಜಿದಾರರಲ್ಲಿ ಆಕೆಯ ಹೆಸರೇ ಮೊದಲು ಇರಲಿ ಅಂದೆ. ನಾಳೆ ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಬೇಕು. ಇವುಗಳ ಬದಲಿಗೆ ಸ್ಕೈವಾಕ್ ಕಟ್ಟಿಕೊಡುತ್ತೇವೆ ಅಂದರೆ ನಮಗೆ ಬೇಡ ಅಂತ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೇನೆ.